ಬೆನ್ನಿನ ನೀರಿನ ಪರೀಕ್ಷೆ ಮತ್ತು ಅಲ್ಝೈಮರ್: ಕಲಬುರಗಿ ಕಡೆಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಲ್ಯಾಬ್ ಕೆಲಸ ನನ್ನದು. ಮರೆವಿನ ತೊಂದರೆ ಇರುವ ಹಿರಿಯರನ್ನು ಕರೆದುಕೊಂಡು ಬರುವ ಮಕ್ಕಳು, ಸೊಸೆಯಂದಿರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸೇಡಂ, ಶಹಾಪುರ, ಬೀದರ್, ಯಾದಗಿರಿ, ಎಲ್ಲಿಂದ ಬಂದರೂ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಚಿಕಿತ್ಸೆ ಹೇಳುವುದು ನರರೋಗ ವೈದ್ಯರ ಕೆಲಸ. ಈ ಪರೀಕ್ಷೆ ಏನು, ಯಾರಿಗೆ ಬೇಕು, ಯಾರಿಗೆ ಬೇಡ, ಎಲ್ಲಿ ಕೆಡುತ್ತದೆ ಅನ್ನುವಷ್ಟನ್ನು ನಾನು ಹೇಳುತ್ತೇನೆ.

ವಯಸ್ಸಾದ ಮೇಲೆ ಮರೆವು ಸಹಜ ಅಲ್ವಾ? ಅದಕ್ಕೆ ಪರೀಕ್ಷೆ ಯಾಕೆ?

‘ಅರವತ್ತಕ್ಕೆ ಅರಳು ಮರಳು’ ಅಂತ ನಮ್ಮಲ್ಲಿ ಸುಲಭವಾಗಿ ಅಂದುಬಿಡುತ್ತಾರೆ. ಈ ಒಂದು ಮಾತಿನಿಂದ ಎಷ್ಟೋ ಮನೆಗಳಲ್ಲಿ ಎರಡು ಮೂರು ವರ್ಷ ಸುಮ್ನೆ ಕಳೆದುಹೋಗುತ್ತದೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು, ಪಕ್ಕದ ಮನೆ ಹುಡುಗನ ಹೆಸರು ತಡವಾಗಿ ನೆನಪಾಗುವುದು ವಯಸ್ಸಿನದು. ಜೀವನವೆಲ್ಲಾ ರೊಟ್ಟಿ ಬಡಿದ ಅವ್ವ, ಹಿಟ್ಟಿಗೆ ಎಸರು ಹಾಕಿ ಆಯಿತೋ ಇಲ್ಲವೋ ಗೊತ್ತಾಗದೆ ಒಲೆ ಮುಂದೆ ನಿಂತರೆ ಅದು ಬೇರೆ. ಎಪಿಎಂಸಿಯಲ್ಲಿ ತೊಗರಿ ವ್ಯಾಪಾರ ಮಾಡಿದವರು ಕ್ವಿಂಟಲ್ ಲೆಕ್ಕದಲ್ಲಿ ಮತ್ತೆ ಮತ್ತೆ ತಪ್ಪಿದರೆ, ಕಲಬುರಗಿಯ ಸೂಪರ್ ಮಾರ್ಕೆಟ್ ಸ್ಟಾಪಿನಲ್ಲಿ ಬಸ್ ಇಳಿದು ಸ್ವಂತ ಮನೆಗೆ ದಾರಿ ಕೇಳಿದರೆ, ಡಾಕ್ಟರ್ ಹತ್ತಿರ ಹೋಗಲೇಬೇಕು.

2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4 ಜನರಿಗೆ ಡಿಮೆನ್ಶಿಯಾ, ಅಂದರೆ ದಿನದ ಬದುಕನ್ನೇ ಕೆಡಿಸುವಷ್ಟು ಮರೆವು, ಇದೆ. ಅಂದರೆ ಸುಮಾರು 88 ಲಕ್ಷ ಜನ. ಡಿಮೆನ್ಶಿಯಾ ಅನ್ನುವುದು ಒಂದೇ ಕಾಯಿಲೆ ಅಲ್ಲ. ಅದಕ್ಕೆ ಕಾರಣಗಳು ಹಲವು, ಅದರಲ್ಲಿ ಅಲ್ಝೈಮರ್ ದೊಡ್ಡದು. ಕಾರಣ ಯಾವುದು ಅಂತ ಬೇರೆ ಮಾಡಿ ನೋಡಲಿಕ್ಕೆ ಬೆನ್ನಿನ ನೀರಿನ ಪರೀಕ್ಷೆ ಒಂದು ದಾರಿ.

ಕಾಯಿಲೆ ತಲೆಯಲ್ಲಿ. ಸೂಜಿ ಬೆನ್ನಿಗೆ ಯಾಕೆ?

ಮೆದುಳಿನ ಸುತ್ತ ಇರುವ ನೀರು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರು ಎರಡೂ ಒಂದೇ. ದೊಡ್ಡವರಲ್ಲಿ ಅದು ಸುಮಾರು 150 ಮಿಲಿ ಇರುತ್ತದೆ. ಮೆದುಳಿನ ಜೀವಕೋಶಗಳಿಂದ ಹೊರಬಂದ ಪ್ರೊಟೀನ್‌ಗಳು ಅದರಲ್ಲಿ ಸೇರಿರುತ್ತವೆ. ತಲೆಗೆ ಕೈ ಹಾಕದೆ ಆ ನೀರು ಸಿಗುವ ಜಾಗ ಸೊಂಟ. 1891ರಲ್ಲಿ ಜರ್ಮನಿಯ ವೈದ್ಯ ಹೈನ್ರಿಕ್ ಕ್ವಿಂಕೆ ತೋರಿಸಿಕೊಟ್ಟ ವಿಧಾನವೇ ಇವತ್ತಿಗೂ ನಡೆಯುತ್ತಿದೆ.

‘ಬೆನ್ನಿಗಿ ಸೂಜಿ ಚುಚ್ಚಿದ್ರ ಕಾಲು ಬೀಳ್ತಾವಂತ, ಖರೇ ಏನ್ರೀ?’

ಹತ್ತು ಮನೆಯವರು ಬಂದರೆ ಒಂಬತ್ತು ಮನೆಯವರು ಮೊದಲು ಕೇಳುವುದು ಇದನ್ನೇ. ಬೆನ್ನುಹುರಿ ಸೊಂಟದ ಮೊದಲನೇ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರು ಮತ್ತು ನಾಲ್ಕು ಅಥವಾ ನಾಲ್ಕು ಮತ್ತು ಐದನೇ ಮೂಳೆಗಳ ನಡುವೆ. ಅಲ್ಲಿ ಹುರಿ ಇರುವುದಿಲ್ಲ. ನರದ ಎಳೆಗಳು ನೀರಿನಲ್ಲಿ ತೇಲುತ್ತಿರುತ್ತವೆ, ಸೂಜಿ ಬಂದರೆ ಅವು ಪಕ್ಕಕ್ಕೆ ಸರಿಯುತ್ತವೆ. ಒಮ್ಮೊಮ್ಮೆ ಒಂದು ಎಳೆಗೆ ಸೂಜಿ ತಾಗಿ ಕಾಲಿಗೆ ಝುಮ್ ಅನ್ನಬಹುದು. ಆಗ ಬಾಯಿಬಿಟ್ಟು ಹೇಳಬೇಕು, ವೈದ್ಯರು ಸೂಜಿಯ ದಿಕ್ಕು ಬದಲಿಸುತ್ತಾರೆ.

ಈ ಭಯಕ್ಕೆ ಒಂದು ಕಾರಣ ನನಗೆ ಕಾಣುತ್ತದೆ. ಹಿಂದೆ ಬೆನ್ನಿನ ನೀರು ತೆಗೆಯುತ್ತಿದ್ದದ್ದು ಹೆಚ್ಚಾಗಿ ಮೆದುಳು ಜ್ವರ, ಟಿಬಿ ಮೆದುಳಿಗೆ ಏರಿದವರಿಗೆ. ಅವರು ಮೊದಲೇ ಪ್ರಾಣಾಪಾಯದಲ್ಲಿದ್ದವರು. ಅವರಿಗೆ ಆಮೇಲೆ ಏನಾದರೂ ಆದರೆ ಹೆಸರು ಸೂಜಿಗೆ ಬಂತು.

ಹೇಗೆ ತೆಗೆಯುತ್ತಾರೆ? ಎಷ್ಟು ತೆಗೆಯುತ್ತಾರೆ?

ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಮೊಣಕಾಲು ಎದೆ ಕಡೆ ತಂದು, ಗದ್ದ ಕೆಳಗೆ ಮಾಡಿಸುತ್ತಾರೆ. ಕೆಲವರನ್ನು ಕೂರಿಸಿ ಮುಂದೆ ಬಾಗಿಸುತ್ತಾರೆ. ಚರ್ಮ ಸ್ವಚ್ಛ ಮಾಡಿ, ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಅದು ಚುರುಕ್ ಅನ್ನುತ್ತದೆ. ಆಮೇಲೆ ಒತ್ತಿದ ಹಾಗೆ ಅನಿಸುತ್ತದೆ ಅಷ್ಟೇ. ಸಿರಿಂಜ್‌ನಿಂದ ಎಳೆಯುವುದಿಲ್ಲ, ನೀರು ತಾನಾಗಿ ಹನಿ ಹನಿಯಾಗಿ ಟ್ಯೂಬಿಗೆ ಬೀಳುತ್ತದೆ. ಸರಿಯಾಗಿ ಬಂದ ನೀರು ಗ್ಲಾಸಿನಲ್ಲಿಟ್ಟ ಕುಡಿಯುವ ನೀರಿನಷ್ಟೇ ತಿಳಿ. ಕೆಂಪು ಕಂಡರೆ ಸೂಜಿ ದಾರಿಯಲ್ಲಿ ಸಣ್ಣ ರಕ್ತನಾಳಕ್ಕೆ ತಾಗಿದೆ ಅಂತ ಅರ್ಥ. ಆಗ ಮೊದಲ ಹನಿಗಳನ್ನು ಬಿಟ್ಟು, ತಿಳಿಯಾದ ಮೇಲೆ ಹಿಡಿಯಬೇಕು.

ಸಾಮಾನ್ಯವಾಗಿ 10ರಿಂದ 12 ಮಿಲಿ ತೆಗೆಯುತ್ತಾರೆ. ‘ಮೆದುಳಿನ ನೀರು ಒಣಗಿದರೆ ಏನ್ ಮಾಡೂದು’ ಅಂತ ಹಿರಿಯರು ಗಾಬರಿಯಾಗುತ್ತಾರೆ. ದೇಹ ದಿನಕ್ಕೆ ಸುಮಾರು 500 ಮಿಲಿ ಹೊಸ ನೀರು ಮಾಡುತ್ತದೆ. ತೆಗೆದದ್ದು ಅರ್ಧ ಗಂಟೆಯಲ್ಲಿ ಹೆಚ್ಚು ಕಡಿಮೆ ತುಂಬಿಕೊಳ್ಳುತ್ತದೆ.

ಆಮೇಲೆ ತಲೆನೋವು ಬರುತ್ತದಾ?

ಕೆಲವರಿಗೆ ಬರುತ್ತದೆ. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ, ಇದು ಆ ತಲೆನೋವಿನ ಗುರುತು. ಮರೆವಿನ ಕ್ಲಿನಿಕ್‌ಗಳಲ್ಲಿ 3,868 ಜನರನ್ನು ನೋಡಿ 2016ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದಲ್ಲಿ ಇಂಥ ತಲೆನೋವು ಬಂದದ್ದು ಶೇ. 9 ಜನರಿಗೆ. ಬೆನ್ನಿಗೆ ಸ್ವಂತ ರಕ್ತ ಸ್ವಲ್ಪ ಹಾಕಿ ತೂತು ಮುಚ್ಚುವ ಚಿಕಿತ್ಸೆ ಬೇಕಾಗಿದ್ದು ಶೇ. 0.3 ಜನರಿಗೆ ಮಾತ್ರ. ತೊಂದರೆ ಆಗುತ್ತದೆ ಅಂತ ಮೊದಲೇ ಹೆದರಿದವರಿಗೆ ದೂರುಗಳು ಜಾಸ್ತಿ ಬಂದವು ಅನ್ನುವುದೂ ಅದರಲ್ಲಿ ಕಂಡಿತು. ಅದಕ್ಕೇ ಸೂಜಿ ಹಾಕುವ ಮೊದಲು ಕೂತು ಮಾತಾಡಿ ಅಂತ ನಾನು ಹೇಳುವುದು. ಹಿರಿಯರ ಎದುರಿಗೇ ‘ಏನೂ ಆಗಲಿಕ್ಕಿಲ್ಲ ಬಿಡು, ಆದ್ರ ನೋಡೋಣು’ ಅಂತ ಮನೆಯವರು ಗುಸುಗುಸು ಮಾಡಬೇಡಿ.

ಸೂಜಿಯೂ ಮುಖ್ಯ. ತುದಿ ಚೂಪಾಗಿರದ, ಪೊರೆಯನ್ನು ಕತ್ತರಿಸದೆ ಸರಿಸಿ ಒಳಗೆ ಹೋಗುವ ಸಣ್ಣ ಸೂಜಿಗಳು ಬಂದಿವೆ. ಅವನ್ನು ಬಳಸಿದರೆ ತಲೆನೋವು ಕಡಿಮೆ. ಯಾವ ಸೂಜಿ ಅಂತ ವೈದ್ಯರನ್ನು ಕೇಳಿದರೆ ತಪ್ಪೇನಿಲ್ಲ. ತಲೆನೋವಿನ ಜೊತೆ ಜ್ವರ, ಕುತ್ತಿಗೆ ಬಿಗಿತ, ಕಾಲಲ್ಲಿ ಶಕ್ತಿ ಕಡಿಮೆ, ಮೂತ್ರ ನಿಲ್ಲುವುದು ಏನೇ ಕಂಡರೂ ಬೆಳಗಿನವರೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಯಾರಿಗೆ ಮಾಡಬಾರದು?

ತಲೆಯೊಳಗೆ ಗಡ್ಡೆ ಇದ್ದವರಿಗೆ, ಒತ್ತಡ ಏರಿದವರಿಗೆ ಮಾಡಬಾರದು, ಅದಕ್ಕೇ ಮೊದಲು ಸ್ಕ್ಯಾನ್. ಪ್ಲೇಟ್‌ಲೆಟ್ ತುಂಬಾ ಕಡಿಮೆ ಇದ್ದವರಿಗೆ, ಸೂಜಿ ಹಾಕುವ ಜಾಗದಲ್ಲಿ ಕುರು ಅಥವಾ ಸೋಂಕು ಇದ್ದವರಿಗೂ ಬೇಡ. ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರು ಅದನ್ನು ಮೊದಲೇ ಹೇಳಬೇಕು. ಆದರೆ ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು, ನಿಲ್ಲಿಸಬಹುದಾ ಅನ್ನುವುದನ್ನು ಆ ಗುಳಿಗೆ ಬರೆದವರನ್ನೇ ಕೇಳಬೇಕು.

ನೀರಿನಲ್ಲಿ ಏನೇನು ಅಳೆಯುತ್ತಾರೆ?

ಮುಖ್ಯವಾಗಿ ಮೂರು ಪ್ರೊಟೀನ್ ಲೆಕ್ಕ. ಅಮಿಲಾಯ್ಡ್ ಬೀಟಾ 42, ಒಟ್ಟು ಟೌ, ಫಾಸ್ಫೋ ಟೌ (ಫಾಸ್ಫೇಟ್ ಅಂಟಿಕೊಂಡ ಟೌ). ಅಲೋಯಿಸ್ ಅಲ್ಝೈಮರ್ 1906ರಲ್ಲಿ ಒಬ್ಬ ಹೆಂಗಸಿನ ಮೆದುಳಿನಲ್ಲಿ ಕಂಡ ಎರಡು ಬದಲಾವಣೆಗಳನ್ನು ವಿವರಿಸಿದರು. ಜೀವಕೋಶಗಳ ಹೊರಗೆ ಕೂತ ಕಲೆಗಳು, ಒಳಗೆ ಸಿಕ್ಕುಗಟ್ಟಿದ ಎಳೆಗಳು. ಕಲೆ ಅಮಿಲಾಯ್ಡ್‌ನದು, ಸಿಕ್ಕು ಟೌನದು ಅನ್ನುವುದು ತಿಳಿಯಲು ಎಂಟು ದಶಕ ಹಿಡಿಯಿತು. ಆಗ ಮೆದುಳನ್ನು ಸತ್ತ ಮೇಲೆ ಮಾತ್ರ ನೋಡಬಹುದಿತ್ತು. ಈಗ ಮನುಷ್ಯ ಎದುರಿಗೆ ಕೂತು ಮಾತಾಡುತ್ತಿರುವಾಗಲೇ ಅದರ ಸುಳಿವು ಒಂದು ಟ್ಯೂಬಿನಲ್ಲಿ ಸಿಗುತ್ತದೆ. ನನ್ನ ಕೆಲಸದಲ್ಲಿ ನನಗೆ ಅತಿ ದೊಡ್ಡದು ಅನಿಸುವ ವಿಷಯ ಇದು.

ಅಲ್ಝೈಮರ್ ಇದ್ದರೆ ನೀರಿನಲ್ಲಿ ಅಮಿಲಾಯ್ಡ್ 42 ಇಳಿಯುತ್ತದೆ, ಫಾಸ್ಫೋ ಟೌ ಏರುತ್ತದೆ, ಒಟ್ಟು ಟೌ ಕೂಡ ಏರುತ್ತದೆ. ಮೂರರಲ್ಲಿ ಒಟ್ಟು ಟೌ ಮಾತ್ರ ಅಲ್ಝೈಮರ್‌ಗೇ ಮೀಸಲಲ್ಲ. ನರಕೋಶಕ್ಕೆ ಪೆಟ್ಟಾಗಿದೆ ಅಂತ ಅದು ಹೇಳುತ್ತದೆ. ಸ್ಟ್ರೋಕ್ ಆದ ಕೆಲವು ವಾರ ಸಹ ಏರಿರುತ್ತದೆ.

ಮೆದುಳಿನಲ್ಲಿ ಅಮಿಲಾಯ್ಡ್ ಜಾಸ್ತಿ ಅಂತೀರಿ, ರಿಪೋರ್ಟಿನಲ್ಲಿ ಕಡಿಮೆ ಅಂತ ಇದೆ. ತಪ್ಪಾಗಿದೆಯಾ?

ತಪ್ಪಿಲ್ಲ. ಕೆರೆಯಲ್ಲಿ ಹೂಳು ಕೂತುಬಿಟ್ಟರೆ ಕಾಲುವೆಗೆ ಬರುವ ನೀರಿನಲ್ಲಿ ಮಣ್ಣು ಕಡಿಮೆ ಇರುತ್ತದೆ. ಹಾಗೆ 42 ಮೆದುಳಿನಲ್ಲೇ ಅಂಟಿಕೊಂಡು ಕೂರುವುದರಿಂದ ಬೆನ್ನಿನ ನೀರಿಗೆ ಬರುವುದು ಕಮ್ಮಿ. ಅಲ್ಝೈಮರ್ ಇರುವವರಲ್ಲಿ ಅದು ಆರೋಗ್ಯವಂತರ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿರುತ್ತದೆ.

42ರ ಜೊತೆ 40 ಅಂತ ಇನ್ನೊಂದು ಯಾಕೆ?

ಕೆಲವರ ದೇಹ ಹುಟ್ಟಿನಿಂದಲೇ ಅಮಿಲಾಯ್ಡ್ ಕಡಿಮೆ ಮಾಡುತ್ತದೆ, ಕೆಲವರದು ಜಾಸ್ತಿ. ಬರೀ 42 ನೋಡಿದರೆ ಕಡಿಮೆ ಮಾಡುವವರೆಲ್ಲ ರೋಗಿಗಳ ಹಾಗೆ ಕಾಣುತ್ತಾರೆ. 40 ಅನ್ನುವ ತಮ್ಮ ಅಷ್ಟಾಗಿ ಕಲೆಗಳಲ್ಲಿ ಸೇರುವುದಿಲ್ಲ. ಅದಕ್ಕೆ 42ನ್ನು 40ರಿಂದ ಭಾಗಿಸಿ ಅನುಪಾತ ನೋಡುತ್ತಾರೆ. ನಿಮ್ಮ ರಿಪೋರ್ಟಿನಲ್ಲಿ ಅನುಪಾತ ಇಲ್ಲ, 42 ಒಂದೇ ಇದೆ ಅಂದರೆ ಯಾಕೆ ಅಂತ ಕೇಳಿ.

ಸೂಜಿ ಹಾಕುವ ಮೊದಲು ಬೇರೆ ಏನೇನು ಆಗಿರಬೇಕು?

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಸರಿಪಡಿಸಬಹುದಾದ ಮರೆವನ್ನು ಬಿಟ್ಟು ದೊಡ್ಡ ಪರೀಕ್ಷೆಗೆ ಓಡುವವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಿ12 ಕಡಿಮೆ ಆದರೆ ಮರೆವು ಬರುತ್ತದೆ. ಬರೀ ರೊಟ್ಟಿ ಪಲ್ಯ ಉಣ್ಣುವ, ಹಾಲು ಮೊಸರು ಕಮ್ಮಿ ತಗೊಳ್ಳುವ ಸಸ್ಯಾಹಾರಿ ಹಿರಿಯರಲ್ಲಿ ಇದನ್ನು ನೋಡಲೇಬೇಕು. ಥೈರಾಯ್ಡ್ ನೋಡಬೇಕು. ಸಕ್ಕರೆ, ಸೋಡಿಯಂ ನೋಡಬೇಕು. ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ ಬರೆದರೆ ಮನೆಯವರು ಬೇಜಾರು ಮಾಡಿಕೊಳ್ಳಬಾರದು, ಅವೂ ಮೆದುಳನ್ನು ಕೆಡಿಸುತ್ತವೆ, ಅವಕ್ಕೆ ಔಷಧಿ ಇದೆ. ಬಚ್ಚಲಲ್ಲಿ ಜಾರಿ ಬಿದ್ದು, ಬೈಕಿನಿಂದ ಬಿದ್ದು ಎರಡು ವಾರ ಆದ ಮೇಲೆ ಮರೆವು, ಮಂಪರು ಶುರುವಾದರೆ ತಲೆಬುರುಡೆಯೊಳಗೆ ನಿಧಾನಕ್ಕೆ ರಕ್ತ ತುಂಬಿರಬಹುದು. ಸ್ಕ್ಯಾನಿನಲ್ಲಿ ಕಾಣುತ್ತದೆ, ಆಪರೇಷನ್‌ನಿಂದ ಸರಿಯಾಗುತ್ತದೆ. ನಿದ್ದೆ ಗುಳಿಗೆ, ಕೆಲವು ಅಲರ್ಜಿ ಗುಳಿಗೆಗಳು ಸಹ ಹಿರಿಯರ ತಲೆ ಮಂಕು ಮಾಡುತ್ತವೆ. ಗಂಡ ತೀರಿಕೊಂಡ ಮೇಲೆ ಮೂಲೆ ಹಿಡಿದ ಅವ್ವನಿಗೆ ಖಿನ್ನತೆ ಇರಬಹುದು. ಕಿವಿ ಕೇಳಿಸದವರೂ ಮರೆವಿನವರ ಹಾಗೆ ಕಾಣುತ್ತಾರೆ.

ಇನ್ನೊಂದು ಇದೆ. ಕಾಲು ನೆಲಕ್ಕೆ ಅಂಟಿದ ಹಾಗೆ ನಡಿಗೆ, ಮೂತ್ರ ತಡೆಯಲಾಗದಿರುವುದು, ಮರೆವು, ಮೂರೂ ಒಟ್ಟಿಗೆ ಬಂದರೆ ಮೆದುಳಿನ ಕುಹರಗಳಲ್ಲಿ ನೀರು ತುಂಬಿರಬಹುದು. ಆಗ ಬೆನ್ನಿನಿಂದ 30ರಿಂದ 50 ಮಿಲಿ ತೆಗೆದು, ತೆಗೆಯುವ ಮೊದಲು ಮತ್ತು ಆಮೇಲೆ ನಡೆಸಿ ನೋಡುತ್ತಾರೆ. ನಡಿಗೆ ಸುಧಾರಿಸಿದರೆ ನಳಿಕೆ ಹಾಕುವ ಆಪರೇಷನ್ ಸಹಾಯ ಮಾಡಬಹುದು.

ನೆನಪಿನ ಪರೀಕ್ಷೆ ಅಂದರೆ ಪ್ರಶ್ನೆ ಕೇಳುವ ಪರೀಕ್ಷೆ, ಅದೂ ಮೊದಲೇ ಆಗಬೇಕು. ಶಾಲೆಗೆ ಹೋಗದವರಿಗೆ ‘ನೂರರಿಂದ ಏಳು ಕಳೆಯುತ್ತಾ ಬಾ’ ಅಂದರೆ ಅವರು ಮೊದಲೂ ತಪ್ಪೇ ಹೇಳುತ್ತಿದ್ದರು. ಮನೆಯಲ್ಲಿ ದಖನಿ, ತೆಲುಗು ಅಥವಾ ಮರಾಠಿ ಮಾತಾಡುವವರಿಗೆ ಅವರ ಮಾತಿನಲ್ಲೇ ಕೇಳಬೇಕು. ಓದು ಬಾರದವರಿಗೆ ಬೇರೆ ಪ್ರಶ್ನೆಗಳಿವೆ, ಅವನ್ನೇ ಬಳಸಿ ಅಂತ ಕೇಳುವ ಹಕ್ಕು ನಿಮಗಿದೆ.

ಸ್ಯಾಂಪಲ್ ಕಲಬುರಗಿಯಲ್ಲಿ ತೆಗೆದು ಬೇರೆ ಊರಿಗೆ ಕಳಿಸಬಹುದಾ?

ಕಳಿಸಬಹುದು. ಆದರೆ ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ, ಸೂಜಿ ಮತ್ತು ಮಷಿನ್ ನಡುವಿನ ದಾರಿಯಲ್ಲಿ.

ಅಮಿಲಾಯ್ಡ್ 42 ಅಂಟುವ ಸ್ವಭಾವದ ಪ್ರೊಟೀನ್. ಗಾಜಿನ ಟ್ಯೂಬಿಗೂ ಅಂಟುತ್ತದೆ, ದಿನಾ ಬಳಸುವ ಪಾಲಿಸ್ಟೈರೀನ್ ಟ್ಯೂಬಿಗೂ ಅಂಟುತ್ತದೆ. ಗೋಡೆಗೆ ಅಂಟಿದ್ದು ಮಷಿನ್‌ಗೆ ಸಿಗುವುದಿಲ್ಲ. ಆಗ 42 ಕಡಿಮೆ ಅಂತ ಬರುತ್ತದೆ. 42 ಕಡಿಮೆ ಅಂದರೆ ಏನರ್ಥ ಅಂತ ಮೇಲೆ ಹೇಳಿದೆ. ಅಂದರೆ ತಪ್ಪು ಪ್ಲಾಸ್ಟಿಕ್ ಬಳಸಿದರೆ ಆರೋಗ್ಯವಾಗಿರುವವರ ರಿಪೋರ್ಟೂ ಅಲ್ಝೈಮರ್ ಕಡೆ ವಾಲುತ್ತದೆ! ಅದಕ್ಕೆ ಪಾಲಿಪ್ರೊಪಿಲೀನ್ ಟ್ಯೂಬ್ ಬೇಕು. ಪ್ರೊಟೀನ್ ಕಡಿಮೆ ಅಂಟುವ ವಿಶೇಷ ಟ್ಯೂಬ್ ಸಿಕ್ಕರೆ ಇನ್ನೂ ಒಳ್ಳೆಯದು. ಬೆನ್ನಿನಿಂದ ಬೀಳುವ ಹನಿ ನೇರ ಆ ಟ್ಯೂಬಿಗೇ ಬೀಳಬೇಕು. ಒಂದರಿಂದ ಇನ್ನೊಂದಕ್ಕೆ ಸುರಿಯುತ್ತಾ ಹೋದರೆ ಪ್ರತಿ ಟ್ಯೂಬೂ ತನ್ನ ಪಾಲು ಇಟ್ಟುಕೊಳ್ಳುತ್ತದೆ. ತಳದಲ್ಲಿ ಒಂದಿಷ್ಟು ಹಿಡಿದರೆ ಸಾಲದು, ಟ್ಯೂಬ್ ಹೆಚ್ಚು ಕಡಿಮೆ ತುಂಬಬೇಕು. ನೀರು ಕಮ್ಮಿ ಇದ್ದಷ್ಟೂ ಗೋಡೆಗೆ ಹೋಗುವ ಪಾಲು ಜಾಸ್ತಿ.

ಒಂದು ಊರಿನಿಂದ ಬಂದ ಟ್ಯೂಬ್ ನೆನಪಿದೆ. ಮೆದುಳು ಜ್ವರದ ಸ್ಯಾಂಪಲ್‌ಗೆ ಬಳಸುವ ಸಾದಾ ಟ್ಯೂಬ್, ಕಾಲು ಭಾಗ ಮಾತ್ರ ನೀರು, ಐಸ್ ಪ್ಯಾಕ್ ಕರಗಿ ಡಬ್ಬದ ತಳದಲ್ಲಿ ಬೆಚ್ಚಗೆ ನಿಂತಿತ್ತು. ಆ ಅಜ್ಜನಿಗೆ ಮತ್ತೊಮ್ಮೆ ಸೂಜಿ ಹಾಕಬೇಕಾಯಿತು. ಹಾಗಾಗಬಾರದು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬಸ್ಸಿನ ಡಿಕ್ಕಿಯಲ್ಲಿ ಮಧ್ಯಾಹ್ನ ಇಟ್ಟ ಡಬ್ಬದ ಗತಿ ಏನಾಗುತ್ತದೆ ಯೋಚಿಸಿ. ಪರೀಕ್ಷೆ ಮಾಡುವ ಲ್ಯಾಬಿಗೆ ಮೊದಲು ಫೋನ್ ಮಾಡಿ ಅವರ ನಿಯಮ ಬರೆಸಿಕೊಳ್ಳಬೇಕು: ಫ್ರಿಜ್ಜಿನ ತಂಪು ಸಾಕಾ, ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಡ್ರೈ ಐಸ್‌ನಲ್ಲಿ ಕಳಿಸಬೇಕಾ, ಎಷ್ಟು ಗಂಟೆಯೊಳಗೆ. ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸುವುದು ಮಾಡಲೇಬಾರದು. ಸಾಧ್ಯವಾದರೆ ರೋಗಿಯೇ ಆ ಲ್ಯಾಬ್ ಇರುವ ಆಸ್ಪತ್ರೆಗೆ ಹೋಗಿ ಅಲ್ಲೇ ಕೊಡುವುದು ಒಳ್ಳೆಯದು. ಖರ್ಚು ಜಾಸ್ತಿ ಅನಿಸಬಹುದು, ಎರಡನೇ ಸೂಜಿಗಿಂತ ಕಡಿಮೆಯೇ.

ಪಕ್ಕದವರ ರಿಪೋರ್ಟಿನ ನಂಬರಿಗೂ ನಮ್ಮದಕ್ಕೂ ಹೋಲಿಸಬಹುದಾ?

ಬೇಡ. ಒಂದೇ ನೀರನ್ನು ಎರಡು ಕಂಪನಿಗಳ ಮಷಿನ್‌ಗೆ ಹಾಕಿದರೆ ಎರಡು ನಂಬರ್ ಬರುತ್ತದೆ. ಪ್ರತಿ ಮಷಿನ್‌ಗೆ ಅದರದ್ದೇ ಗಡಿ. ಉದಾಹರಣೆಗೆ 2022ರ ಮೇ ತಿಂಗಳಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಲುಮಿಪಲ್ಸ್ ಪರೀಕ್ಷೆಯಲ್ಲಿ 42/40 ಅನುಪಾತ 0.058 ಅಥವಾ ಕಡಿಮೆ ಇದ್ದರೆ ಪಾಸಿಟಿವ್, 0.073 ಅಥವಾ ಜಾಸ್ತಿ ಇದ್ದರೆ ನೆಗೆಟಿವ್. ನಡುವಿನದು ‘ಪಾಸಿಟಿವ್ ಇರಬಹುದು’ ಅನ್ನುವ ಜಾಗ. ಈ ಗಡಿ ಬೇರೆ ಮಷಿನ್‌ಗೆ ಹೊಂದುವುದಿಲ್ಲ. ರಿಪೋರ್ಟಿನಲ್ಲಿ ಮಷಿನ್ ಹೆಸರು ಮತ್ತು ಆ ಲ್ಯಾಬಿನ ಗಡಿ ಬರೆದಿರಬೇಕು.

ಪಾಸಿಟಿವ್ ಬಂದರೆ ಅಲ್ಝೈಮರ್ ಗ್ಯಾರಂಟಿನಾ?

ಪಾಸಿಟಿವ್ ಅಂದರೆ ಮೆದುಳಿನಲ್ಲಿ ಅಮಿಲಾಯ್ಡ್ ಕೂತಿದೆ ಅಂತ. ಈಗಿನ ಮರೆವಿಗೆ ಅದೇ ಕಾರಣವಾ ಅನ್ನುವುದನ್ನು ವೈದ್ಯರು ಲಕ್ಷಣ, ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲ ಸೇರಿಸಿ ಹೇಳಬೇಕು. ನೆನಪು ಚೆನ್ನಾಗಿರುವವರಲ್ಲೂ ಅಮಿಲಾಯ್ಡ್ ಇರುತ್ತದೆ. 50ನೇ ವಯಸ್ಸಿನಲ್ಲಿ ಅಂಥವರು ಸುಮಾರು ಶೇ. 10, 90ನೇ ವಯಸ್ಸಿನಲ್ಲಿ ಸುಮಾರು ಶೇ. 44 ಅಂತ 2015ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ಹೇಳಿತು. ಹಾಗಾಗಿ 85ರ ಅಜ್ಜನ ಪಾಸಿಟಿವ್‌ಗಿಂತ 58ರ ಶಿಕ್ಷಕಿಯ ಪಾಸಿಟಿವ್ ಜಾಸ್ತಿ ಹೇಳುತ್ತದೆ. ನೆಗೆಟಿವ್ ಬಂದರೆ ಉಪಯೋಗ ಇನ್ನೂ ನೇರ: ಈ ಮರೆವಿಗೆ ಅಲ್ಝೈಮರ್ ಕಾರಣ ಆಗಿರುವ ಸಾಧ್ಯತೆ ತುಂಬಾ ಕಡಿಮೆ, ಬೇರೆ ಹುಡುಕಿ.

ಬೇರೆ ನರರೋಗಗಳೂ ಇದರಲ್ಲಿ ಗೊತ್ತಾಗುತ್ತವಾ?

ಕೆಲವು. ನ್ಯೂರೋಫಿಲಮೆಂಟ್ ಲೈಟ್ ಅನ್ನುವ ಪ್ರೊಟೀನ್ ನರದ ಎಳೆ ಹಾಳಾದಾಗ ಹೊರಬರುತ್ತದೆ. ಎಎಲ್‌ಎಸ್ (ಕೈಕಾಲಿನ ಶಕ್ತಿ ಕುಂದಿಸುವ ನರರೋಗ), ಮುಂಭಾಗದ ಮೆದುಳಿನ ಡಿಮೆನ್ಶಿಯಾ, ಸ್ಟ್ರೋಕ್, ತಲೆಪೆಟ್ಟು, ಎಲ್ಲದರಲ್ಲೂ ಏರುತ್ತದೆ, ವಯಸ್ಸಿನ ಜೊತೆಗೂ ಏರುತ್ತದೆ. ಹಾನಿ ಆಗುತ್ತಿದೆ ಅಂತ ಹೇಳುತ್ತದೆ, ಯಾರಿಂದ ಅಂತ ಹೇಳುವುದಿಲ್ಲ. ಖಿನ್ನತೆಯಾ, ನಿಜವಾದ ಮೆದುಳಿನ ಕಾಯಿಲೆಯಾ ಅನ್ನುವ ಗೊಂದಲ ಇದ್ದಾಗ ಇದು ನೆರವಾಗುತ್ತದೆ. ವಾರ ತಿಂಗಳುಗಳಲ್ಲೇ ಮನುಷ್ಯ ಕುಸಿದುಹೋಗುವ ಸಿಜೆಡಿ ಕಾಯಿಲೆಯಲ್ಲಿ ಒಟ್ಟು ಟೌ ಆಕಾಶಕ್ಕೆ ಏರುತ್ತದೆ, ಫಾಸ್ಫೋ ಟೌ ಅಷ್ಟು ಏರುವುದಿಲ್ಲ. ಲೆವಿ ಬಾಡಿ ಅನ್ನುವ ಇನ್ನೊಂದು ಬಗೆಯ ಡಿಮೆನ್ಶಿಯಾಕ್ಕೆ ಸೈನ್ಯೂಕ್ಲಿನ್ ಪ್ರೊಟೀನ್‌ನ ಪರೀಕ್ಷೆ ಬಂದಿದೆ. ಒಮ್ಮೆ ಸೂಜಿ ಹಾಕಿದ ಮೇಲೆ ಕಣ, ಪ್ರೊಟೀನ್, ಸಕ್ಕರೆಯ ಸಾದಾ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಟಿಬಿ, ಸೋಂಕು ಅಲ್ಲೇ ಸಿಕ್ಕಿಬೀಳುತ್ತದೆ.

ರಕ್ತದಲ್ಲೇ ನೋಡಬಹುದಂತಲ್ಲ?

ಹೌದು, ವೇಗವಾಗಿ ಮುಂದುವರಿಯುತ್ತಿದೆ. ರಕ್ತದ ಫಾಸ್ಫೋ ಟೌ 217 (ಫಾಸ್ಫೋ ಟೌನ ಒಂದು ಬಗೆ) ಮತ್ತು ಅಮಿಲಾಯ್ಡ್ 42ರ ಅನುಪಾತದ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ನಮ್ಮಂಥ ಜಿಲ್ಲೆಗಳಿಗೆ ಇದರಿಂದ ದೊಡ್ಡ ಉಪಕಾರ ಆಗಲಿದೆ ಅಂತ ನಾನು ನಂಬಿದ್ದೇನೆ. ಆದರೂ ಮರೆವಿನ ಲಕ್ಷಣ ಇರುವವರಿಗೆ, ತಜ್ಞರು ನೋಡಿದ ಮೇಲೆ ಬಳಸುವ ಪರೀಕ್ಷೆ ಅದು. ಕಿಡ್ನಿ ತೊಂದರೆ ಇದ್ದವರಲ್ಲಿ ರಕ್ತದ ಟೌ ಸುಮ್ನೆ ಏರಬಹುದು. ಫಲಿತಾಂಶ ನಡುವೆ ಬಂದರೆ ಮತ್ತೆ ಬೆನ್ನಿನ ನೀರು ಅಥವಾ ಮೆದುಳಿನ ಅಮಿಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್ ಬೇಕು.

ವಾಸಿ ಮಾಡುವ ಔಷಧಿನೇ ಇಲ್ಲ. ಮತ್ತೆ ಯಾಕೆ ಚುಚ್ಚಿಸಬೇಕು?

ನ್ಯಾಯವಾದ ಪ್ರಶ್ನೆ. ಕಾಯಿಲೆ ಮುಂದುವರಿದು, ಮನೆಯವರ ಗುರುತೇ ಸಿಗದ ಹಂತಕ್ಕೆ ಬಂದವರಿಗೆ ಈ ಪರೀಕ್ಷೆ ಬೇಡ ಅಂತಲೇ ನನ್ನ ಅಭಿಪ್ರಾಯ. ಅದರಿಂದ ಏನೂ ಬದಲಾಗುವುದಿಲ್ಲ. 65ಕ್ಕಿಂತ ಮೊದಲೇ ಶುರುವಾದರೆ, ಲಕ್ಷಣಗಳು ಗೊಂದಲವಾಗಿದ್ದರೆ, ಆರಂಭದ ಹಂತದಲ್ಲಿದ್ದರೆ ಬೆಲೆ ಇದೆ.

ಲೆಕಾನೆಮಾಬ್, ಡೊನಾನೆಮಾಬ್ ಅನ್ನುವ ಹೊಸ ಔಷಧಿಗಳು ಅಮಿಲಾಯ್ಡ್ ತೆಗೆಯುತ್ತವೆ. ಲೆಕಾನೆಮಾಬ್ 18 ತಿಂಗಳಲ್ಲಿ ಕುಸಿತವನ್ನು ಶೇ. 27 ನಿಧಾನ ಮಾಡಿತು. ವಾಸಿ ಮಾಡಲಿಲ್ಲ. ಮೆದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವೂ ಇದೆ. ಇವನ್ನು ಕೊಡುವ ಮೊದಲು ಅಮಿಲಾಯ್ಡ್ ಇದೆ ಅಂತ ಪರೀಕ್ಷೆಯಿಂದ ಖಚಿತ ಆಗಲೇಬೇಕು. ಮರೆವಿಗೆ ಕೊಡುವ ಹಳೆಯ ಡೊನೆಪೆಜಿಲ್‌ನಂಥ ಗುಳಿಗೆಗೆ ಬೆನ್ನಿನ ನೀರು ಬೇಕಿಲ್ಲ.

ಔಷಧಿಗಿಂತ ದೊಡ್ಡದೊಂದು ಇದೆ. ಕಾರಣ ಬೇಗ ಗೊತ್ತಾದರೆ ಅಪ್ಪ ತಿಳಿವಳಿಕೆ ಇರುವಾಗಲೇ ಬ್ಯಾಂಕ್ ನಾಮಿನಿ, ಹೊಲದ ಪಹಣಿ, ಸಾಲದ ಲೆಕ್ಕ ಸರಿ ಮಾಡಬಹುದು. ಯಾರ ಮನೆಯಲ್ಲಿ ಇರಬೇಕು ಅಂತ ಅವರೇ ಹೇಳಬಹುದು.

ಅಪ್ಪನಿಗೆ ಬಂದಿದೆ. ನಾನೂ ಮಾಡಿಸಲಾ?

ನಿಮಗೆ ಲಕ್ಷಣ ಇಲ್ಲ ಅಂದರೆ ಬೇಡ. ವಂಶದಲ್ಲಿ ಜೀನ್ ದೋಷದಿಂದ ಚಿಕ್ಕ ವಯಸ್ಸಿಗೇ ಬರುವ ಅಪರೂಪದ ಕುಟುಂಬಗಳಲ್ಲಿ, ಲಕ್ಷಣಕ್ಕೆ ಸುಮಾರು 25 ವರ್ಷ ಮೊದಲೇ ಅಮಿಲಾಯ್ಡ್ 42 ಇಳಿಯಲು ಶುರುವಾಗುತ್ತದೆ ಅಂತ 2012ರ ಅಧ್ಯಯನ ತೋರಿಸಿತು. ಎರಡು ಮೂರು ತಲೆಮಾರಿನಲ್ಲಿ 60ರ ಒಳಗೇ ಬಂದಿದ್ದರೆ ಜೆನೆಟಿಕ್ ಕೌನ್ಸೆಲಿಂಗ್ ತಗೊಳ್ಳಿ. ಉಳಿದವರು ಬಿಪಿ, ಶುಗರ್, ಕಿವಿ, ತಂಬಾಕು ಕಡೆ ಗಮನ ಕೊಟ್ಟರೆ ಆ ದುಡ್ಡಿಗೆ ಬೆಲೆ.

ಅವ್ವಗೆ ಹೇಳದೆ ಮಾಡಿಸಬಹುದಾ?

ಬೇಡ. ಮರೆವು ಇದ್ದ ಮಾತ್ರಕ್ಕೆ ಅವರ ಒಪ್ಪಿಗೆ ಬೇಡ ಅಂತಲ್ಲ. ‘ಅವ್ವ, ನಿನ್ನ ಮರೆವು ಯಾಕ ಅಂತ ನೋಡಲಿಕ್ಕೆ ಸೊಂಟದಿಂದ ಸ್ವಲ್ಪ ನೀರು ತಗೀತಾರ, ನಾ ಪಕ್ಕದಾಗೇ ಇರ್ತೀನಿ’ ಅಂತ ಹೇಳಿದರೆ ಬಹಳ ಜನಕ್ಕೆ ಅರ್ಥವಾಗುತ್ತದೆ. ಅವರು ಬೇಡ ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಫಲಿತಾಂಶ ತಿಳಿಯಬೇಕೋ ಬೇಡವೋ ಅನ್ನುವುದನ್ನೂ ಮೊದಲೇ ಕೇಳಿಕೊಳ್ಳಿ.

ಎಲ್ಲಿಂದ ಶುರು ಮಾಡಬೇಕು? ಏನು ಒಯ್ಯಬೇಕು?

ರಕ್ತ ಪರೀಕ್ಷೆ, ಸ್ಕ್ಯಾನ್ ಮೊದಲಾದವುಗಳಿಗೆ ಸರ್ಕಾರಿ ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಿಂದಲೇ ಶುರು ಮಾಡಿ. ಮುಂದೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಬೀದರ್ ಕಡೆಯವರು ಹತ್ತಿರ ಅಂತ ಹೈದರಾಬಾದ್‌ಗೆ ಹೋಗುತ್ತಾರೆ, ಅದೂ ಸರಿ. ಹೋಗುವ ಮೊದಲು ಬೆನ್ನಿನ ನೀರಿನ ಬಯೋಮಾರ್ಕರ್ ಪರೀಕ್ಷೆ ಅಲ್ಲೇ ಮಾಡುತ್ತಾರಾ, ಹೊರಗೆ ಕಳಿಸುತ್ತಾರಾ, ದರ ಎಷ್ಟು, ಯಾವ ದಿನ ತೆಗೆಯುತ್ತಾರೆ ಅಂತ ಫೋನಿನಲ್ಲಿ ಕೇಳಿ.

ಹಳೆಯ ಸ್ಕ್ಯಾನ್ ಫಿಲ್ಮ್, ರಕ್ತದ ರಿಪೋರ್ಟ್, ದಿನಾ ತಗೊಳ್ಳುವ ಗುಳಿಗೆಗಳ ಚೀಟಿ ಒಯ್ಯಿರಿ. ಚೀಟಿ ಇಲ್ಲದಿದ್ದರೆ ಗುಳಿಗೆಗಳ ಸ್ಟ್ರಿಪ್‌ಗಳನ್ನೇ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಮರೆವು ಯಾವಾಗ ಶುರುವಾಯಿತು, ಮೊದಲು ಏನು ಕಂಡಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜೊತೆಗೆ ಬರುವವರು ದಿನಾ ಅವರ ಜೊತೆ ಇರುವವರೇ ಆಗಿರಬೇಕು. ಪುಣೆಯಿಂದ ಎರಡು ದಿನಕ್ಕೆ ಬಂದ ಮಗನಿಗಿಂತ ಮನೆಯಲ್ಲಿರುವ ಸೊಸೆ ಹೇಳುವುದರಲ್ಲಿ ವೈದ್ಯರಿಗೆ ಹೆಚ್ಚು ಸಿಗುತ್ತದೆ. ನೋಡಿಕೊಳ್ಳುವವರಿಗೆ ಸಾಕು ಸಾಕಾಗಿ ಹೋದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ, ಹಿರಿಯರ ಇತರ ತೊಂದರೆಗಳಿಗೆ ಎಲ್ಡರ್ ಲೈನ್ 14567ಕ್ಕೆ ಫೋನ್ ಮಾಡಬಹುದು.